ಗುಂಪಿಗೆ ಹೇಳಿಕೊಟ್ಟ ನಿಯಮ ಕಚೇರಿಗೆ ಏಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ಧಾರವಾಡ ಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ 2012ರಿಂದ 2023ರವರೆಗೆ ಕ್ಷೇತ್ರ ಸಂಯೋಜಕಿಯಾಗಿ ದುಡಿದವಳು ನಾನು. ಕಲಘಟಗಿ ಮತ್ತು ಕುಂದಗೋಳ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಗುಂಪುಗಳನ್ನು ಕಟ್ಟುವುದು, ಅವುಗಳ ಲೆಕ್ಕಪತ್ರ ನೋಡುವುದು, ಬ್ಯಾಂಕ್ ಸಾಲ ಕೊಡಿಸಲು ಓಡಾಡುವುದು ನನ್ನ ಕೆಲಸವಾಗಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಿಂದ ಓದಿ ಬಂದ ಯುವಜನರು ಇಂತಹ ಸಂಸ್ಥೆಗಳಲ್ಲಿ ಕೆಲಸ ಹುಡುಕುತ್ತಾರೆ. ಒಳಗಿನ ವಾತಾವರಣ ಹೇಗಿರುತ್ತದೆ ಎಂಬುದನ್ನು ಅವರಿಗೆ ಮುಂಚಿತವಾಗಿ ಹೇಳುವವರು ಯಾರೂ ಇರುವುದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸ್ವಸಹಾಯ ಗುಂಪಿನ ನಿಯಮಗಳು ಬಲು ಸರಳ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಗುಂಪಿನೊಳಗೇ ಸಾಲ, ಹೇಳಿದ ದಿನಕ್ಕೆ ಮರುಪಾವತಿ, ಅಂದಂದಿನ ಲೆಕ್ಕವನ್ನು ಅಂದೇ ಬರೆಯುವುದು. ಇವನ್ನು ಪಂಚಸೂತ್ರ ಎನ್ನುತ್ತಾರೆ. ಇವುಗಳ ಜೊತೆಗೆ ನಾವು ಇನ್ನೆರಡು ಮಾತು ಹೇಳಿಕೊಡುತ್ತಿದ್ದೆವು. ಪೆಟ್ಟಿಗೆ ಒಬ್ಬರ ಮನೆಯಲ್ಲಿದ್ದರೆ ಕೀಲಿ ಇನ್ನೊಬ್ಬರ ಮನೆಯಲ್ಲಿರಬೇಕು, ಮತ್ತು ಪ್ರತಿನಿಧಿಗಳು ಎರಡು ವರ್ಷಕ್ಕೊಮ್ಮೆಯಾದರೂ ಬದಲಾಗಬೇಕು. ಓದು ಬರಹ ಬಾರದ ಸದಸ್ಯೆಯರು ಇರುತ್ತಿದ್ದುದರಿಂದ, ಠರಾವು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಮುನ್ನ ಯಾರ ಸಹಿಯನ್ನೂ ಹೆಬ್ಬೆಟ್ಟನ್ನೂ ತೆಗೆದುಕೊಳ್ಳುವಂತಿರಲಿಲ್ಲ. ಒಮ್ಮೆ ಕಲಘಟಗಿ ಕಡೆಯ ಹಳ್ಳಿಯೊಂದರಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಿರಿಯ ಸದಸ್ಯೆಯೊಬ್ಬರು, ‘ಅಕ್ಕಾರ, ನಿಮ್ಮ ಆಫೀಸಿನ್ಯಾಗ ಪುಸ್ತಕ ಯಾರ್ ಓದಿ ಹೇಳ್ತಾರ್ರೀ?’ ಎಂದು ಕೇಳಿದರು. ಚುಚ್ಚಬೇಕೆಂದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನಾನು ಮಾತು ಮರೆಸಿದೆ.

ನಮ್ಮ ಕಚೇರಿಯಲ್ಲಿ ಪೆಟ್ಟಿಗೆಯೂ ಕೀಲಿಯೂ ಒಬ್ಬರ ಬಳಿಯೇ ಇದ್ದವು. ಸಂಸ್ಥೆ ಆರಂಭವಾದ ದಿನದಿಂದ ಕಾರ್ಯದರ್ಶಿ ಬದಲಾಗಿರಲಿಲ್ಲ. ಕಾರ್ಯಕಾರಿ ಸಮಿತಿಯ ಏಳು ಮಂದಿಯಲ್ಲಿ ಮೂವರು ಅವರ ಮನೆಯವರು. ಉಳಿದವರನ್ನು ಹನ್ನೊಂದು ವರ್ಷಗಳಲ್ಲಿ ನಾನು ಕಂಡಿದ್ದು ವಾರ್ಷಿಕೋತ್ಸವದ ವೇದಿಕೆಯ ಮೇಲೆ ಮಾತ್ರ. ನನ್ನ ಬ್ಯಾಂಕ್ ಖಾತೆಗೆ ತಿಂಗಳಿಗೆ 18,000 ರೂಪಾಯಿ ಜಮೆಯಾಗುತ್ತಿತ್ತು, ಅದರಲ್ಲಿ 3,000 ರೂಪಾಯಿಯನ್ನು ನಗದಾಗಿ ತೆಗೆದು ತಂದು ಸಂಸ್ಥೆಗೆ ‘ದೇಣಿಗೆ’ ಎಂದು ಕೊಡಬೇಕಿತ್ತು. ರಸೀದಿ ಕೊಡುತ್ತಿದ್ದರು, ಆದ್ದರಿಂದ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಕೊಡಲು ಹಿಂಜರಿದವರ ಗುತ್ತಿಗೆ ಮಾರ್ಚ್‌ನಲ್ಲಿ ನವೀಕರಣವಾಗುತ್ತಿರಲಿಲ್ಲ. ಉಳಿದವರಿಗೂ ಮಾರ್ಚ್ 31ಕ್ಕೆ ಬಿಡುಗಡೆ, ಏಪ್ರಿಲ್ 2ಕ್ಕೆ ಹೊಸ ಆದೇಶ. ಸೇವೆ ಸತತವಾಗಿತ್ತೆಂದು ನಾಳೆ ಯಾರೂ ಗ್ರಾಚ್ಯುಟಿ ಕೇಳಬಾರದೆಂಬ ಮುನ್ನೆಚ್ಚರಿಕೆ ಅದೆಂದು ನನಗೆ ತಿಳಿಯಲು ಎಂಟು ವರ್ಷ ಹಿಡಿಯಿತು.

ಹಣಕ್ಕಿಂತ ಹೆಚ್ಚು ಬಾಧಿಸಿದ್ದು ಇದರ ಬಗ್ಗೆ ಬಾಯಿ ತೆರೆಯಲಾಗದ ಸ್ಥಿತಿ. ಭವಿಷ್ಯ ನಿಧಿಯ ಕಂತಿನ ಬಗ್ಗೆ ವಿಚಾರಿಸಿದ ಸಹೋದ್ಯೋಗಿಯೊಬ್ಬರಿಗೆ ಸೋಮವಾರದ ಸಭೆಯಲ್ಲಿ ಎಲ್ಲರೆದುರು, ‘ಇದು ನೌಕರಿ ಅಲ್ಲಪಾ, ಸೇವಾ. ರೊಕ್ಕ ಬೇಕಂದ್ರ ಕಂಪನಿಗೆ ಹೋಗು’ ಎಂಬ ಉತ್ತರ ಬಂತು. ಮರು ತಿಂಗಳೇ, ವಯಸ್ಸಾದ ತಾಯಿಯನ್ನು ಕುಂದಗೋಳದಲ್ಲಿ ಬಿಟ್ಟು ಅವರು ಶಿರಹಟ್ಟಿ ಕಡೆಯ ಯೋಜನೆಗೆ ಹೋಗಬೇಕಾಯಿತು. ಹೆರಿಗೆಗೆಂದು ತವರಿಗೆ ಹೋಗಿ ಬಂದ ಇನ್ನೊಬ್ಬರಿಗೆ ‘ಪ್ರಾಜೆಕ್ಟ್ ಮುಗಿದಿದೆ’ ಎಂದರು. ಅದೇ ಪ್ರಾಜೆಕ್ಟಿನಲ್ಲಿ ಅವರ ಕುರ್ಚಿಯ ಮೇಲೆ ಆಗಲೇ ಬೇರೊಬ್ಬರು ಕುಳಿತಿದ್ದರು. ‘ನಾವೆಲ್ಲಾ ಒಂದ ಮನಿಯವ್ರು’ ಎಂಬ ಮಾತನ್ನು ಕೇಳದ ಸಭೆಯೇ ಇರಲಿಲ್ಲ. ಮನೆಯ ಹಿರಿಯರನ್ನು ಲೆಕ್ಕ ಕೇಳುವ ರೂಢಿ ನಮ್ಮ ಕಡೆ ಇಲ್ಲ. ಆ ರೂಢಿಯೇ ಕಚೇರಿಗೂ ಬಂದು ನೆಲೆಸಿತ್ತು.

ಸಂಸ್ಥಾಪಕರು ಕೆಟ್ಟವರೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಬರಗಾಲದ ವರ್ಷಗಳಲ್ಲಿ ಅವರು ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಮಲಗಿ ಕೃಷಿಹೊಂಡದ ಕೆಲಸ ಮಾಡಿಸಿದ್ದನ್ನು ಕಂಡವರು ಇಂದಿಗೂ ಇದ್ದಾರೆ. ಅವರ ಮೇಲೆ ಹೊರಗಿನ ಒತ್ತಡವೂ ಇತ್ತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು, ಪಡೆದ ಅನುದಾನವನ್ನು ದೊಡ್ಡ ಸಂಸ್ಥೆಗಳು ಚಿಕ್ಕ ಸಂಸ್ಥೆಗಳಿಗೆ ಹಂಚುವುದು ನಿಂತಿತು. ಹೊಂಡಕ್ಕೆ, ತರಬೇತಿಗೆ ಹಣ ಕೊಡುವ ದಾನಿಗಳು ಅದನ್ನು ಮಾಡಿಸುವ ಮನುಷ್ಯರ ಸಂಬಳಕ್ಕೆ ಕೈ ಬಿಗಿ ಹಿಡಿಯುತ್ತಾರೆ. ಆದರೆ ಈ ಕೊರತೆಯನ್ನು ಎಲ್ಲರಿಗೂ ತೋರಿಸಿ, ಎಲ್ಲರೂ ಹಂಚಿಕೊಳ್ಳೋಣವೆಂದಿದ್ದರೆ ನಾವು ಒಪ್ಪುತ್ತಿದ್ದೆವು. ಅದನ್ನು ಮುಚ್ಚಿಟ್ಟು, ಕಡಿಮೆ ಸಂಬಳದವರ ಜೇಬಿನಿಂದ ತುಂಬಿಸಿಕೊಂಡದ್ದನ್ನು ನಾನು ಒಪ್ಪಲಾರೆ.

ದೂರು ಕೊಡಬಾರದಿತ್ತೇ ಎಂದು ಕೇಳುವವರಿದ್ದಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನಂತೆ ನೋಂದಣಾಧಿಕಾರಿಯು ಸ್ವತಃ ಮುಂದಾಗಿ ವಿಚಾರಣೆ ನಡೆಸಬಹುದು, ಆಡಳಿತ ಮಂಡಳಿಯ ಬಹುಮತದವರು ಇಲ್ಲವೇ ಸದಸ್ಯರಲ್ಲಿ ಕನಿಷ್ಠ ಮೂರನೇ ಒಂದರಷ್ಟು ಜನ ಕೋರಿದರೆ ನಡೆಸಲೇಬೇಕು. ನೌಕರರು ಸಂಘದ ಸದಸ್ಯರಲ್ಲ. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ‘ಕೈಗಾರಿಕೆ’ ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟಿದ್ದರಿಂದ, ಸಂಬಳ ಕೊಟ್ಟು ಜನರನ್ನು ದುಡಿಸುವ ಹಲವು ಧರ್ಮಾರ್ಥ ಸಂಸ್ಥೆಗಳ ಸಿಬ್ಬಂದಿಗೂ ಕಾರ್ಮಿಕ ನ್ಯಾಯಾಲಯದ ದಾರಿ ತೆರೆದಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಧರ್ಮಾರ್ಥ ಮತ್ತು ಸಮಾಜಸೇವಾ ಸಂಸ್ಥೆಗಳನ್ನು ಆ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಸೇವೆ ಮಾಡುವ ಸಂಸ್ಥೆಯಲ್ಲಿ ಅನ್ಯಾಯ ನಡೆಯಲಾರದೆಂಬ ನಂಬಿಕೆ ಹೀಗೆ ಕಾನೂನಿನೊಳಗೂ ಸೇರಿಕೊಂಡಿರುವುದು ನನಗೆ ತೀವ್ರ ನೋವಿನ ಸಂಗತಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಾದರೋ ಸ್ವಯಂಸೇವಾ ಸಂಸ್ಥೆಗಳನ್ನು ಸ್ಪಷ್ಟವಾಗಿ ಒಳಗೊಳ್ಳುತ್ತದೆ; ಹತ್ತು ಜನ ಸಿಬ್ಬಂದಿ ಇದ್ದಲ್ಲಿ ಆಂತರಿಕ ಸಮಿತಿ ಇರಲೇಬೇಕು. ನಮ್ಮಲ್ಲಿ ಸಮಿತಿ ಇತ್ತು. ಅದರ ಅಧ್ಯಕ್ಷೆಯಾಗಿ ನನ್ನ ಹೆಸರಿದೆಯೆಂದು ನನಗೆ ತಿಳಿದದ್ದು ದಾನಿ ಸಂಸ್ಥೆಗೆ ಕಳಿಸಿದ ವರದಿಯ ಒಂದು ಪ್ರತಿ ಅಕಸ್ಮಾತ್ತಾಗಿ ಕೈಗೆ ಸಿಕ್ಕಾಗ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳಲ್ಲಿ ನಿವೃತ್ತ ಪ್ರಾಧ್ಯಾಪಕರು, ವೈದ್ಯರು, ವಕೀಲರು ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ವರ್ಷಕ್ಕೊಮ್ಮೆ ಕಾರ್ಯದರ್ಶಿಯನ್ನು ಹೊರಗಿಟ್ಟು ಕ್ಷೇತ್ರ ಸಿಬ್ಬಂದಿಯ ಜೊತೆ ಅರ್ಧ ದಿನ ಕುಳಿತುಕೊಳ್ಳಿ, ಸಂಬಳದ ಪಟ್ಟಿಯನ್ನೂ ದೇಣಿಗೆಯ ರಸೀದಿ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಸಾಮಾಜಿಕ ಹೊಣೆಗಾರಿಕೆ ನಿಧಿ ಕೊಡುವ ಕಂಪನಿಗಳು ಫಲಾನುಭವಿಗಳ ಫೋಟೊ ಕೇಳುವಾಗ ಸಿಬ್ಬಂದಿಯ ಭವಿಷ್ಯ ನಿಧಿಯ ಚಲನ್ ಕೂಡ ಕೇಳಲಿ, ಕೆಲಸ ಬಿಟ್ಟು ಹೋದವರಲ್ಲಿ ಇಬ್ಬರಿಗಾದರೂ ಫೋನ್ ಮಾಡಲಿ. ಹೊಸದಾಗಿ ಸೇರುವವರು ನೇಮಕಾತಿ ಆದೇಶವನ್ನು ಲಿಖಿತವಾಗಿ ಪಡೆಯಲಿ, ಸಹಿ ಮಾಡಿದ ಪ್ರತಿಯೊಂದು ಕಾಗದದ ಪ್ರತಿ ಇಟ್ಟುಕೊಳ್ಳಲಿ. ನಾನು ಇಟ್ಟುಕೊಂಡಿದ್ದ ರಸೀದಿಗಳನ್ನೂ ಏಪ್ರಿಲ್ 2ರ ಹನ್ನೊಂದು ಆದೇಶಗಳನ್ನೂ ಜೋಡಿಸಿ ಗ್ರಾಚ್ಯುಟಿಗಾಗಿ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸಿದ್ದೇನೆ. ವಿಚಾರಣೆಯ ದಿನಾಂಕಕ್ಕಾಗಿ ಕಾಯುತ್ತಿದ್ದೇನೆ.

– ಮಾಜಿ ಕ್ಷೇತ್ರ ಸಂಯೋಜಕಿ, ಧಾರವಾಡ
(ಅರ್ಜಿ ವಿಚಾರಣೆಯಲ್ಲಿರುವುದರಿಂದ ಹೆಸರು ಪ್ರಕಟಿಸದಿರಲು ಕೋರಿದ್ದೇನೆ)