ಉತ್ತರ ಸರಿಯಾದ ಮೇಲೂ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಒಗಟಿನಂಥ ಲೆಕ್ಕಗಳನ್ನು ಕೊಟ್ಟು ಮಕ್ಕಳಿಗೆ ಯೋಚಿಸುವುದನ್ನು ಕಲಿಸಬೇಕು ಅಂತ ಬರೆದಿದ್ದೀಯ. ಸಂತೋಷ. ಉತ್ತರ ತಪ್ಪಾದಾಗ ಯಾವ ಮೇಷ್ಟರಾದರೂ ಪ್ರಶ್ನೆ ಕೇಳುತ್ತಾರೆ. ನೀನು ಉತ್ತರ ಸರಿಯಾದಾಗಲೂ ಕೇಳು.

ಆ ಹಳೆಯ ಒಗಟನ್ನೇ ತಗೋ. ಒಬ್ಬ ದಕ್ಷಿಣಕ್ಕೆ 1 ಕಿ.ಮೀ., ಪೂರ್ವಕ್ಕೆ 1 ಕಿ.ಮೀ., ಉತ್ತರಕ್ಕೆ 1 ಕಿ.ಮೀ. ನಡೆದು ಹೊರಟಲ್ಲಿಗೇ ಬಂದು ನಿಂತ. ಎಲ್ಲಿಂದ ಹೊರಟಿದ್ದ? ಚುರುಕಾದ ಮಗು ತಟ್ಟನೆ ‘ಉತ್ತರ ಧ್ರುವ’ ಎನ್ನುತ್ತದೆ. ಶಹಭಾಸ್ ಎಂದು ಮುಂದಿನ ಒಗಟಿಗೆ ಹಾರಿಬಿಡಬೇಡ. ‘ಇನ್ನೊಂದು ಜಾಗ ಇದೆಯಾ?’ ಎಂದು ಕೇಳಿ ಸುಮ್ಮನಿರು. ದಕ್ಷಿಣ ಧ್ರುವದಿಂದ ಸುಮಾರು 159 ಮೀಟರ್ ದೂರದಲ್ಲಿ, ಸುತ್ತಳತೆ ಸರಿಯಾಗಿ 1 ಕಿ.ಮೀ. ಇರುವ ಅಕ್ಷಾಂಶ ವೃತ್ತವೊಂದು ಸಿಗುತ್ತದೆ. ಅದಕ್ಕಿಂತ 1 ಕಿ.ಮೀ. ಉತ್ತರದಲ್ಲಿ ಎಲ್ಲಿಂದ ಹೊರಟರೂ ಆಯಿತು: ಪೂರ್ವದ ನಡಿಗೆ ಪೂರ್ತಿ ಒಂದು ಸುತ್ತು ಹಾಕಿಸಿ ಅಲ್ಲಿಗೇ ತಂದು ಬಿಡುತ್ತದೆ. ಸುತ್ತಳತೆ ಅರ್ಧ ಕಿ.ಮೀ. ಆದರೆ ಎರಡು ಸುತ್ತು, ಮೂರನೇ ಒಂದು ಭಾಗವಾದರೆ ಮೂರು. ಜಾಗಗಳು ಮುಗಿಯುವುದೇ ಇಲ್ಲ. ಇದನ್ನೆಲ್ಲ ನೀನೇ ಹೇಳಿಬಿಡಬೇಡ. ಒಂದು ಚೆಂಡು, ಸೀಮೆಸುಣ್ಣ ಕೈಗೆ ಕೊಡು. ‘ಪೂರ್ವಕ್ಕೆ ಹೋಗೋದು ಅಂದ್ರೆ ನೇರ ಹೋಗೋದು ಅಂದ್ಕೊಂಡಿದ್ದೆ’ ಎಂದು ಯಾರಾದರೂ ಗೊಣಗಿದರೆ ಅಂದಿನ ಪಾಠ ಆಯಿತು.

ಕೆಲವರು ಇದಕ್ಕೆ ‘ಅವನು ಕಂಡ ಕರಡಿಯ ಬಣ್ಣ ಯಾವುದು?’ ಅಂತ ಬಾಲ ಅಂಟಿಸುತ್ತಾರೆ. ನನಗೆ ಹಿಡಿಸದು. ದಕ್ಷಿಣದ ಹಿಮದಲ್ಲಿ ಕರಡಿಗಳೇ ಇಲ್ಲವಲ್ಲ, ಅಲ್ಲಿಗೆ ಆ ಚೆಂದದ ಉತ್ತರಗಳೆಲ್ಲ ಸತ್ತವು.

ಹಗ್ಗದ ಲೆಕ್ಕಕ್ಕೆ ಮಾತ್ರ ಮೊದಲು ಊಹೆ ಬರೆಸಿಕೋ. ಸಮಭಾಜಕದ ಸುತ್ತ ಬಿಗಿಯಾಗಿ ಕಟ್ಟಿದ ಸುಮಾರು 40,000 ಕಿ.ಮೀ. ಹಗ್ಗಕ್ಕೆ ಬರೀ 1 ಮೀಟರ್ ಸೇರಿಸಿ ಎಲ್ಲೆಡೆ ಸಮನಾಗಿ ಎತ್ತಿದರೆ ನೆಲದಿಂದ ಎಷ್ಟು ಮೇಲೇಳುತ್ತದೆ? ಕೂದಲೆಳೆಯಷ್ಟು ಎನ್ನುತ್ತಾರೆ. ಸುಮಾರು 16 ಸೆಂ.ಮೀ.! ಚೆಂಡಿಗೆ ಕಟ್ಟಿದರೂ ಅಷ್ಟೇ. 1 ಮೀಟರನ್ನು 2π ಯಿಂದ ಭಾಗಿಸಿದರೆ ಮುಗಿಯಿತು, ಭೂಮಿಯ ತ್ರಿಜ್ಯ ಬೇಕೇ ಆಗಿಲ್ಲ. ಧ್ರುವದ 159 ಇಲ್ಲಿ 15.9 ಆಗಿ ಮತ್ತೆ ಬಂದಿದೆ. ಯಾರ ಕಣ್ಣಿಗಾದರೂ ಬೀಳುತ್ತದೋ ನೋಡು.

ನಕಾಶೆಯ ಒಗಟುಗಳಲ್ಲಿ ಪನಾಮ ಕಾಲುವೆ ಒಳ್ಳೆಯದು. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ದಾಟುವ ಹಡಗು ಆಗ್ನೇಯಕ್ಕೆ ಸಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಅಟ್ಲಾಸ್ ತೆರೆದು ನೋಡಿದ ಮೇಲೆ, ‘ಪಶ್ಚಿಮ ಅಂತ ಯಾಕೆ ಅನಿಸಿತು?’ ಎಂದು ಕೇಳು. ಅಲ್ಲಿ ಭೂಸಂಧಿ, ಅಂದರೆ ಎರಡು ಖಂಡಗಳನ್ನು ಜೋಡಿಸುವ ಕಿರಿದಾದ ನೆಲಪಟ್ಟಿ, ಬಾಗಿ ಪೂರ್ವ–ಪಶ್ಚಿಮವಾಗಿ ಮಲಗಿರುವುದು ಆಗ ಕಾಣುತ್ತದೆ. ಆ ಪ್ರಶ್ನೆ ಬಿಟ್ಟರೆ ಅದು ಬರೀ ಕ್ವಿಜ್.

ಒಂದು ತರಗತಿಗೆ ಒಂದೇ ಒಗಟು ಸಾಕು. ದಕ್ಷಿಣ ಧ್ರುವವನ್ನು ಯಾರು ಮೊದಲು ಹಿಡಿದರು, ಬರೆ.

ನಿನ್ನ ದೊಡ್ಡಪ್ಪ