ಜೂನ್ ಕೊನೆಯ ವಾರದಿಂದ ಶುರು ಮಾಡು

ಪ್ರೀತಿಯ ತಂಗಿಗೆ,

ಬ್ರಿಟನ್ನಿನ ಭಾಗವಾದ ವೇಲ್ಸ್‌ನ 2016ರ ಬಗ್ಗೆ ನೀನು ಬರೆದ ಲೇಖನ ಓದಿದೆ. ಕಾರ್ಡಿಫ್‌ನಲ್ಲಿದ್ದುಕೊಂಡು ಅಲ್ಲಿನ ಜನರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೀಯಲ್ಲ, ಅದೇ ನನಗೆ ದೊಡ್ಡ ಖುಷಿ. ವಿಷಯ ಚೆನ್ನಾಗಿ ಕಲೆಹಾಕಿದ್ದೀಯ. ಆದರೆ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಪ್ಯಾರಾ ಅಂತ ಹಂಚಿಬಿಟ್ಟಿದ್ದೀಯ. ರಾಜಕೀಯ ಒಂದು ಕಡೆ, ಫುಟ್‌ಬಾಲ್ ಒಂದು ಕಡೆ, ಕಾವ್ಯ ಇನ್ನೊಂದು ಕಡೆ. ಓದುವವರಿಗೆ ಇವೆಲ್ಲ ಬೇರೆ ಬೇರೆ ಜನರಿಗೆ ಆದದ್ದು ಅನ್ನಿಸುತ್ತದೆ. ವೇಲ್ಸ್‌ನಲ್ಲಿ ಇರುವುದೇ 31 ಲಕ್ಷದಷ್ಟು ಜನ. ಗೋಲಿಗೆ ಕೂಗಿದವರೇ ಮತಗಟ್ಟೆಗೂ ಹೋದರು, ಅಲ್ವಾ?

ನಾನಾಗಿದ್ದರೆ ಜೂನ್ ಕೊನೆಯ ವಾರದಿಂದ ಶುರು ಮಾಡುತ್ತಿದ್ದೆ. ತಾರೀಕು ನೋಡು. ಜೂನ್ 20, ಸೋಮವಾರ: ಫ್ರಾನ್ಸ್‌ನ ಟುಲೂಸ್‌ನಲ್ಲಿ ವೇಲ್ಸ್ ರಷ್ಯಾವನ್ನು 3-0 ಅಂತರದಲ್ಲಿ ಸೋಲಿಸಿ, ಯೂರೋ ಕಪ್ ಗುಂಪಿನಲ್ಲಿ ಇಂಗ್ಲೆಂಡಿಗಿಂತ ಮೇಲೆ ನಿಂತಿತು. ಜೂನ್ 23, ಗುರುವಾರ: ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಜನಮತ. ವೇಲ್ಸ್‌ನಲ್ಲಿ ಮತ ಹಾಕಿದವರಲ್ಲಿ ಶೇ 52.5 ಮಂದಿ ಬಿಡೋಣ ಅಂದರು. ಜೂನ್ 25, ಶನಿವಾರ: ಪ್ಯಾರಿಸ್‌ನಲ್ಲಿ ಉತ್ತರ ಐರ್ಲೆಂಡ್ ಮೇಲೆ 1-0 ಗೆಲುವು. ಯುರೋಪಿನ ಬೀದಿಗಳಲ್ಲಿ ಕೆಂಪಂಗಿ ತೊಟ್ಟು ಹಾಡುತ್ತಿದ್ದ ನಾಡು, ಅದೇ ವಾರ ಯುರೋಪಿನಿಂದ ಹೊರಡಲು ಒಪ್ಪಿತು. ನಿನ್ನ ಲೇಖನದಲ್ಲಿ ಈ ಎರಡರ ನಡುವೆ ಒಂದು ಪುಟ ಅಂತರ ಇದೆ. ಆ ಅಂತರ ತೆಗೆ.

ಹಾಗಂತ ‘ಎಂಥ ವಿಪರ್ಯಾಸ!’ ಅಂತ ಬರೆದು ಕೈತೊಳೆದುಕೊಳ್ಳಬೇಡ. ಎಬ್ಬು ವೇಲ್ ಪಟ್ಟಣ ಇರುವ ಬ್ಲೈನೈ ಗ್ವೆಂಟ್ ಪ್ರದೇಶದಲ್ಲಿ ಶೇ 62 ಮಂದಿ ಹೊರಬರಲು ಮತ ಹಾಕಿದರು. ಇಡೀ ವೇಲ್ಸ್‌ನಲ್ಲೇ ಅತಿ ಹೆಚ್ಚು. ಯುರೋಪಿಯನ್ ಒಕ್ಕೂಟದ ನೆರವಿನ ದುಡ್ಡು ಹರಿದದ್ದೂ ಇಂಥ ಕಣಿವೆಗಳಿಗೇ. ಉಪಕಾರ ಸ್ಮರಣೆ ಇಲ್ಲದ ಜನ ಅಂತ ಜರಿಯುವುದು ಸುಲಭ. ಆ ಊರಿನ ಉಕ್ಕಿನ ಕಾರ್ಖಾನೆ 2002ರಲ್ಲೇ ಮುಚ್ಚಿತ್ತು. ಅಪ್ಪ, ಅಜ್ಜ ದುಡಿದ ಜಾಗ ಬಯಲಾದ ಮೇಲೆ ಹೊಸ ರಸ್ತೆ ಬಂದರೆ ಮನೆಯ ಸಿಟ್ಟು ಇಳಿಯುತ್ತದೆಯೇ? ಬಸ್ಸು ಹತ್ತಿ ಹೋಗು. ಅಲ್ಲಿ ಒಂದು ದಿನ ಸುಮ್ನೆ ಕೂತು ಕೇಳು. ಆಮೇಲೆ ಆ ಪ್ಯಾರಾ ಬರೆ.

ಉಕ್ಕಿನ ಮಾತು ಬಂದ ಮೇಲೆ ಟಾಟಾ ಉಕ್ಕಿನ ಕಾರ್ಖಾನೆಯ ಊರಾದ ಪೋರ್ಟ್ ಟಾಲ್ಬಟ್ ಬರಲೇಬೇಕು. ನೀನು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದು ನನಗೆ ನಿಜಕ್ಕೂ ಬೇಜಾರಾಯಿತು. ಕನ್ನಡದ ಓದುಗನಿಗೆ ಇಡೀ ಲೇಖನದಲ್ಲಿ ಅತಿ ಹತ್ತಿರದ ಸಂಗತಿ ಇದು. ಮಾರ್ಚ್ ಕೊನೆಯಲ್ಲಿ ಟಾಟಾ ಸ್ಟೀಲ್ ತನ್ನ ಬ್ರಿಟನ್ ಉದ್ಯಮ ಮಾರುವ ಯೋಚನೆ ಹೊರಗೆಡವಿತು. ಸಭೆ ನಡೆದದ್ದು ಮುಂಬೈಯಲ್ಲಿ. ಕಾರ್ಮಿಕ ಸಂಘದವರ ಜೊತೆ ಆ ಕ್ಷೇತ್ರದ ಸಂಸದ ಸ್ಟೀಫನ್ ಕಿನ್ನಕ್ ಮುಂಬೈವರೆಗೂ ಬಂದರು. ಎಲ್ಲೋ ಸಮುದ್ರದಾಚೆ ಕೂತವರು ನಮ್ಮ ಊರಿನ ಅನ್ನ ನಿರ್ಧರಿಸುತ್ತಾರೆ ಅಂತ ಕೇಳಿ ಬೆಳೆದವರು ನಾವು. ಇಲ್ಲಿ ದಿಕ್ಕು ತಿರುಗಿದೆ. ಇದನ್ನು ಹೆಮ್ಮೆಯಿಂದ ಬರೆಯಬೇಡ, ತಪ್ಪಿತಸ್ಥರ ಹಾಗೂ ಬರೆಯಬೇಡ. ಕಾರ್ಖಾನೆ ಆ ವರ್ಷ ಉಳಿಯಿತು. ಅಲ್ಲಿನ ಕೊನೆಯ ಬ್ಲಾಸ್ಟ್ ಫರ್ನೇಸ್ (ಕಬ್ಬಿಣ ಕರಗಿಸುವ ಕುಲುಮೆ) ಆರಿದ್ದು 2024ರ ಸೆಪ್ಟೆಂಬರ್ 30ರಂದು. ಈಗ ಬರೆಯುತ್ತಿರುವ ನಿನಗೆ ಅದು ಗೊತ್ತು, ಆಗಿನವರಿಗೆ ಗೊತ್ತಿರಲಿಲ್ಲ.

ವೇಲ್ಸ್ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಆಯ್ಕೆಗೆ ಕಾರ್ವಿನ್ ಜೋನ್ಸ್, ಲಿಯಾನ್ ವುಡ್ ಇಬ್ಬರಿಗೂ 29-29 ಮತ ಬಿದ್ದದ್ದು ಎರಡು ಸಾಲಿಗೆ ಸಾಕು.

ಬೆಲ್ಜಿಯಂ ಪಂದ್ಯಕ್ಕೆ ಮಾತ್ರ ಜಾಗ ಕೊಡು. ಜುಲೈ 1, ಲೀಲ್ ಪಟ್ಟಣ. ‘ಅದ್ಭುತ ಗೋಲು’ ಅಂತ ಬರೆದಿದ್ದೀಯ. ಏನು ಅದ್ಭುತ, ತೋರಿಸು. 55ನೇ ನಿಮಿಷ. ವೇಲ್ಸ್‌ನ ಹಾಲ್ ರಾಬ್ಸನ್-ಕಾನು ಗೋಲಿಗೆ ಬೆನ್ನು ಹಾಕಿ ಚೆಂಡು ತಗೊಂಡ. ಪಾಸ್ ಕೊಡುತ್ತಾನೆ ಅಂತ ಮೂವರು ಬೆಲ್ಜಿಯಂ ಆಟಗಾರರು ಒಂದು ಕಡೆ ವಾಲಿದರು. ಅವನು ಚೆಂಡನ್ನು ಕಾಲ ಹಿಂದಿನಿಂದ ಎಳೆದು ಇನ್ನೊಂದು ಕಡೆ ತಿರುಗಿದ. ಮೂವರೂ ಹೊರಗೆ, ಮುಂದೆ ಗೋಲ್‌ಕೀಪರ್ ಒಬ್ಬನೇ. ಆ ಹೊತ್ತಿಗೆ ಅವನಿಗೆ ಆಡಲು ಒಂದು ಕ್ಲಬ್ ಕೂಡ ಇರಲಿಲ್ಲ. 1958ರ ವಿಶ್ವಕಪ್ ಬಿಟ್ಟರೆ ವೇಲ್ಸ್ ದೊಡ್ಡ ಟೂರ್ನಿ ಕಂಡೇ ಇರಲಿಲ್ಲ. ಅಂಥ ತಂಡ 3-1 ಗೆದ್ದು ಸೆಮಿಫೈನಲ್ ತಲುಪಿತು. ರಷ್ಯಾ ವಿರುದ್ಧ ಗೋಲು ಹೊಡೆದ ನೀಲ್ ಟೇಲರ್ ತಾಯಿ ಕೋಲ್ಕತ್ತಾದವರು. ಅದನ್ನು ಒಂದು ಸಾಲು ಹೇಳು, ಉಬ್ಬಿಸಬೇಡ. ಆ ಗೋಲು ವೇಲ್ಸ್‌ನದು.

ವೇಲ್ಸ್‌ನ ಕಾವ್ಯ-ಸಂಗೀತದ ಹಬ್ಬ ಐಸ್ಟೆಧ್ವೊಡ್ ಬಗ್ಗೆ ನೀನು ಬರೆದದ್ದು ನನಗೆ ತುಂಬಾ ಹಿಡಿಸಿತು. ಅದನ್ನು ಮುಟ್ಟಬೇಡ. ಕವಿಗಳು ಗುಪ್ತನಾಮದಲ್ಲಿ ಕವಿತೆ ಕಳಿಸುವುದು, ಕಹಳೆ ಊದಿದಾಗ ಸಾವಿರಾರು ಜನರ ನಡುವಿನಿಂದ ಗೆದ್ದವರು ಎದ್ದು ನಿಲ್ಲುವುದು, ಅರ್ಧ ಹಿರಿದ ಕತ್ತಿಯ ಕೆಳಗೆ ‘ಶಾಂತಿ ಇದೆಯೇ?’ ಅಂತ ಮೂರು ಸಲ ಕೇಳುವುದು. ಒಂದು ಮಾತು ಸೇರಿಸು. ಆ ಸಲ ಹಬ್ಬ ನಡೆದದ್ದು ಇಂಗ್ಲೆಂಡಿನ ಗಡಿಗೆ ಹತ್ತಿರದ ಆಬರ್‌ಗವೆನಿಯಲ್ಲಿ. ಕವಿ ಅನೈರಿನ್ ಕರಡಾಗ್ ಬಹುಮಾನದ ಪೀಠ ಗೆದ್ದ ಕವಿತೆಯ ವಿಷಯ ‘ಗಡಿಗಳು’. ಜನಮತಕ್ಕೆ ಉತ್ತರವಾಗಿ ಬರೆದದ್ದು ಅಂತ ಮಾತ್ರ ಹೇಳಬೇಡ, ವಿಷಯ ಮುಂಚೆಯೇ ಗೊತ್ತಾಗಿರುತ್ತದೆ. ಆದರೆ ಆಗಸ್ಟ್‌ನಲ್ಲಿ ಕೂತು ಕೇಳಿದವರು ಜೂನ್ ಅನ್ನು ಮರೆತಿರಲಿಲ್ಲವಲ್ಲ.

ಇನ್ನು ಅಬರ್‌ವಾನ್. ಆ ಗಣಿ ಊರಿನ ದುರಂತಕ್ಕೆ ಅಕ್ಟೋಬರ್ 21ಕ್ಕೆ ಐವತ್ತು ವರ್ಷ. ಬೆಳಿಗ್ಗೆ 9.15ಕ್ಕೆ ವೇಲ್ಸ್ ಒಂದು ನಿಮಿಷ ಮೌನವಾಗಿ ನಿಂತಿತು. ಇಲ್ಲಿ ‘ಹೃದಯ ಹಿಂಡುವ’, ‘ಕರುಳು ಕಿವುಚುವ’ ಎಲ್ಲ ತೆಗೆದುಹಾಕು. ಗಣಿ ತ್ಯಾಜ್ಯದ 7ನೇ ರಾಶಿಯನ್ನು ನೀರಿನ ಒರತೆಯ ಮೇಲೆ ಸುರಿದಿದ್ದರು. ಅದು ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅದರಲ್ಲಿ 116 ಮಕ್ಕಳು. ಉಳಿದ ರಾಶಿಗಳನ್ನು ತೆಗೆಸಲು, ಜನ ಕೊಟ್ಟ ಪರಿಹಾರ ನಿಧಿಯಿಂದಲೇ ಸರ್ಕಾರದವರು 1,50,000 ಪೌಂಡ್ ಕಿತ್ತುಕೊಂಡರು. ಅಷ್ಟೇ ಮೊತ್ತ ವಾಪಸ್ ಬಂದದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಇಷ್ಟು ಬರೆದರೆ ಓದುಗನಿಗೆ ಸಿಟ್ಟು ತಾನಾಗಿ ಬರುತ್ತದೆ. ಕಲ್ಲಿದ್ದಲು, ಉಕ್ಕು, ಮತ, ಇವೆಲ್ಲ ಒಂದೇ ಕಣಿವೆಗಳ ಕಥೆ ಅಂತ ಅಲ್ಲಿ ಅವನಿಗೇ ಹೊಳೆಯುತ್ತದೆ. ನೀನು ಹೇಳಬೇಕಾಗಿಲ್ಲ.

ಪೋರ್ಟ್ ಟಾಲ್ಬಟ್ ಭಾಗ ಮೊದಲು ತಿದ್ದಿ ಕಳಿಸು. ಉಳಿದದ್ದಕ್ಕೆ ಆತುರವಿಲ್ಲ. ಎಬ್ಬು ವೇಲ್‌ಗೆ ಹೋದಾಗ ಅಲ್ಲಿನವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ, ನಿನ್ನ ಅಭಿಪ್ರಾಯ ಬೇರೆ ಹಾಳೆಯಲ್ಲಿರಲಿ.

ಪ್ರೀತಿಯಿಂದ,
ಅಣ್ಣ