1, 2, 4 ಆದ ಮೇಲೆ ಏನು?

ಪ್ರೀತಿಯ ಗೆಳೆಯ,

ಮದುವೆ ಮನೆಯಲ್ಲಿ ನೀನೂ ನಿನ್ನ ಭಾವನೂ ಊಟ ಬಿಟ್ಟು ಜಗಳಕ್ಕೆ ನಿಂತ ಸುದ್ದಿ ಕೇಳಿ ನಗು ಬಂತು. ಅದೂ ಯಾವುದಕ್ಕೆ? 1, 2, 4, ಮುಂದೇನು ಅನ್ನೋ ಒಗಟಿಗೆ! ಭಾವ 8 ಅಂದರು, ನೀನು 7 ಅಂದೆ, ತೀರ್ಪು ನನ್ನ ತಲೆಗೆ ಕಟ್ಟಿದಿರಿ. ಕೊಪ್ಪಳದಲ್ಲಿ ಗಣಿತ ಮೇಷ್ಟ್ರಾಗಿ ಇರೋ ತಪ್ಪಿಗೆ ಇದೂ ಒಂದು ಕೆಲಸ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಬ್ಬರೂ ಬಾಯಿ ಹಾಕುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಭಾವನಿಗೂ ಓದಲು ಕೊಡು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ಸರಿ. "ಹಾಗಾದ್ರೆ ಏನು ಹೇಳಿದ್ರೂ ನಡೆಯುತ್ತಾ?" ಅಂತ ನೀನು ಕೇಳೇ ಕೇಳುತ್ತೀಯ. ಇಲ್ಲ, ನಡೆಯಲ್ಲ. ಉತ್ತರದ ಜೊತೆ ಅದರ ಕಾರಣವೂ ಬರಬೇಕು. ಆ ಕಾರಣ ಚಿಕ್ಕದಿರಬೇಕು, ಕೇಳಿದವರಿಗೆ "ಓಹೋ" ಅನಿಸಬೇಕು.

ಭಾವನ 8 ಎಲ್ಲರಿಗೂ ಹೊಳೆಯುವ ಉತ್ತರ. ಪ್ರತಿ ಸಲ ಎರಡರಷ್ಟು ಮಾಡುತ್ತಾ ಹೋಗೋದು. ಆದರೆ ನಮ್ಮ ಕಡೆಯ ಹಿರಿಯರನ್ನು ಕೇಳು, ಗುಣಾಕಾರದ ಗೊಡವೆಯೇ ಇಲ್ಲದೆ ಅವರೂ 8 ಅನ್ನುತ್ತಾರೆ. ಒಂದಾಣೆ, ಎರಡಾಣೆ, ನಾಕಾಣೆ, ಎಂಟಾಣೆ! 1957ರಲ್ಲಿ ನಯಾಪೈಸೆ ಬರೋವರೆಗೆ ರೂಪಾಯಿಗೆ 16 ಆಣೆ ಇತ್ತಲ್ಲ. ಅದಕ್ಕೂ ಹಿಂದೆ ನಿಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಕೊಪ್ಪಳ, ರಾಯಚೂರು ನಿಜಾಮರ ಕೈಯಲ್ಲಿದ್ದವು. ಎರಡು ಕಡೆ ಎರಡು ಬೇರೆ ದುಡ್ಡು, ಆದರೂ ಆಣೆ ಲೆಕ್ಕ ಮಾತ್ರ ಒಂದೇ. ಈಗ ಭಾವನನ್ನು ಕೇಳು, 16 ಆದ ಮೇಲೆ ಏನು ಅಂತ. ಅವರು 32 ಅನ್ನುತ್ತಾರೆ. ಅಜ್ಜನನ್ನು ಕೇಳಿದರೆ "ರೂಪಾಯಿ ಆತಲ್ಲಪ್ಪ, ಇನ್ನೇನು?" ಅನ್ನುತ್ತಾನೆ. ಇಬ್ಬರೂ 8 ಅಂದರು, ಆದರೆ ಇಬ್ಬರ ಉತ್ತರವೂ ಒಂದೇ ಅಲ್ಲ.

ನಿನ್ನ 7ಕ್ಕೆ ನೀನು ಕೊಟ್ಟ ಕಾರಣ, ಮೊದಲು 1 ಕೂಡು, ಆಮೇಲೆ 2, ಆಮೇಲೆ 3. ಸರಿಯಾಗಿದೆ, ಆದರೆ ಸ್ವಲ್ಪ ಒಣ ಒಣ. ಅದನ್ನೇ ರೊಟ್ಟಿಯಲ್ಲಿ ತೋರಿಸಿದ್ದರೆ ಭಾವ ಅಲ್ಲೇ ಒಪ್ಪುತ್ತಿದ್ದರು. ಒಂದು ಜೋಳದ ರೊಟ್ಟಿ ತಗೋ. ಬಿಸಿ ಇರಲಿ, ಖಡಕ್ ರೊಟ್ಟಿ ಆದರೆ ಪುಡಿಯಾಗುತ್ತೆ. ಕತ್ತರಿಸದೆ ಇದ್ದರೆ ತುಂಡು 1. ಒಂದು ನೇರ ಗೆರೆ ಕೊಯ್ದರೆ 2. ಅದಕ್ಕೆ ಅಡ್ಡ ಇನ್ನೊಂದು ಕೊಯ್ದರೆ 4. ಮೂರನೆಯದನ್ನು ಕೊಯ್ದರೆ ಎಷ್ಟು? ನಮ್ಮ ತರಗತಿಯಲ್ಲಿ ಹೆಚ್ಚಿನವರು 6 ಅಂದರು. ಮೂರೂ ಗೆರೆಗಳು ನಟ್ಟನಡುವೆ ಹಾದರೆ 6 ನಿಜ. ಮೂರನೇ ಗೆರೆಯನ್ನು ನಡುವಿನಿಂದ ಸ್ವಲ್ಪ ಸರಿಸಿ ಕೊಯ್ದರೆ ಮಧ್ಯದಲ್ಲಿ ಒಂದು ಪುಟ್ಟ ತ್ರಿಕೋನ ಹುಟ್ಟುತ್ತೆ. ಆಗ 7. ಒಂದೇ ರೊಟ್ಟಿ, ಮೂರೇ ಗೆರೆ, ಉತ್ತರ ಎರಡು. "ಅತಿ ಹೆಚ್ಚು ಎಷ್ಟು ತುಂಡು?" ಅಂತ ಕೇಳಿದರೆ ಮಾತ್ರ 7 ಗಟ್ಟಿಯಾಗುತ್ತೆ.

6ಕ್ಕೆ ಇನ್ನೊಂದು ದಾರಿ ಇದೆ. ಅದನ್ನು ಹೇಳಿದವನು ಕೊನೆಯ ಬೆಂಚಿನವನು, ಲೆಕ್ಕದಲ್ಲಿ ಬಾಯಿ ಬಿಟ್ಟವನೇ ಅಲ್ಲ. "ಆರ್ ಬರ್ತೈತ್ರಿ ಸರ್. ಒಂದು ರನ್, ಎರಡು ರನ್, ಫೋರ್, ಸಿಕ್ಸ್." ಮೂರು ರನ್ ಯಾಕೆ ಬಿಟ್ಟೆ ಅಂತ ಕೇಳಿದೆ. "ನಮ್ಮ ಗ್ರೌಂಡ್ ಸಣ್ಣದೈತ್ರಿ, ಮೂರು ಓಡಾಕ ಆಗಂಗಿಲ್ಲ" ಅಂದ. ಇಡೀ ತರಗತಿ ನಕ್ಕಿತು. ನಾನು ಅವನಿಗೆ ಪೂರ್ತಿ ಅಂಕ ಕೊಟ್ಟೆ. ಯಾಕೆ ಗೊತ್ತಾ? ಬಿಟ್ಟುಹೋದ ಮೂರಕ್ಕೂ ಅವನ ಹತ್ತಿರ ಲೆಕ್ಕ ಇತ್ತು. ಅವಿಭಾಜ್ಯ ಸಂಖ್ಯೆಗಳಾದ 2, 3, 5, 7ರಲ್ಲಿ ಒಂದೊಂದು ಕಳೆದರೂ 1, 2, 4, 6 ಬರುತ್ತೆ. ಅದು ಪುಸ್ತಕದ ದಾರಿ. ನನಗೆ ಸಣ್ಣ ಗ್ರೌಂಡಿನ ದಾರಿಯೇ ಜಾಸ್ತಿ ಇಷ್ಟ.

5 ಅಂದ ಹುಡುಗಿಯೂ ಇದ್ದಳು. ಮೂರರ ಮಗ್ಗಿಯಲ್ಲಿ ಬರೋದನ್ನೆಲ್ಲ ಬಿಟ್ಟು ಎಣಿಸಿದ್ದಳು: 1, 2, 4, 5, 7, 8. ಎಷ್ಟು ಚೆನ್ನಾಗಿದೆ ನೋಡು.

ಈಗ ನಿನ್ನ "ಏನು ಹೇಳಿದ್ರೂ ನಡೆಯುತ್ತಾ?" ಅನ್ನೋ ಪ್ರಶ್ನೆಗೆ ಬರುತ್ತೇನೆ. 1, 2, 4 ಆದ ಮೇಲೆ 1633 ಅಂತ ಒಬ್ಬ ಹೇಳಿದ ಅಂತಿಟ್ಟುಕೋ. ತುಂಗಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ 1633 ಅಡಿ ಅಲ್ವಾ, ನಮ್ಮ ರೈತರಿಗೆ ಬಾಯಿಪಾಠ ಇರೋ ಅಂಕಿ ಅದು. ಅದನ್ನೂ ಸೂತ್ರದಲ್ಲಿ ಕೂರಿಸಬಹುದು. ನಿನ್ನ 1, 2, 4, 7 ಸರಣಿಯನ್ನೇ ತಗೋ. ಎಷ್ಟನೇ ಸ್ಥಾನವೋ ಆ ಅಂಕಿಯಿಂದ ಬೇರೆ ಬೇರೆಯಾಗಿ 1 ಕಳೆ, 2 ಕಳೆ, 3 ಕಳೆ. ಬಂದ ಮೂರನ್ನೂ ಒಂದಕ್ಕೊಂದು ಗುಣಿಸು. ಮೊದಲ ಮೂರು ಸ್ಥಾನಗಳಲ್ಲಿ ಇದು ಸೊನ್ನೆಯೇ ಆಗುತ್ತೆ, ಹಾಗಾಗಿ ಇದನ್ನು ಕೂಡಿದರೂ 1, 2, 4 ಅಲುಗಾಡಲ್ಲ. ನಾಲ್ಕನೇ ಸ್ಥಾನದಲ್ಲಿ 3, 2, 1ನ್ನು ಗುಣಿಸಿ 6 ಬರುತ್ತೆ. ಅದನ್ನು 271ರಿಂದ ಗುಣಿಸಿದರೆ 1626. ಅದಕ್ಕೆ ನಿನ್ನ 7 ಕೂಡು. 1633! ಡ್ಯಾಮ್ ತುಂಬಿತು.

ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಬೇಕಾದ ಯಾವ ಸಂಖ್ಯೆಯನ್ನಾದರೂ ಹೀಗೆ ತರಬಹುದು. ಆದರೆ ನಾನು ಇದಕ್ಕೆ ಅಂಕ ಕೊಡಲ್ಲ. 271 ಎಲ್ಲಿಂದ ಬಂತು? 1633 ಬೇಕು ಅಂತ ಮೊದಲೇ ಗೊತ್ತಿದ್ದಕ್ಕೆ ಬಂತು. ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದು, ಸೂತ್ರದೊಳಗೆ ಬಚ್ಚಿಟ್ಟು, ಮತ್ತೆ ಹೊರಗೆ ತೆಗೆದು ತೋರಿಸಿದ ಹಾಗೆ. ಸಿಕ್ಸ್ ಹೊಡೆದ ಹುಡುಗ ಹಾಗೆ ಮಾಡಲಿಲ್ಲ. ಅವನ ನಿಯಮ ಒಂದು ಉಸಿರಿನಲ್ಲಿ ಮುಗಿಯುತ್ತೆ. ಜಾಣ ಉತ್ತರ ಯಾವುದು, ಬರೀ ಕಿಲಾಡಿ ಉತ್ತರ ಯಾವುದು ಅಂತ ನಾನು ಅಳೆಯೋದು ಹೀಗೆ.

ಭಾವನಿಗೆ ಇಷ್ಟರಲ್ಲಿ ಬೇಜಾರಾಗಿರುತ್ತೆ, 8ಕ್ಕೆ ವಿಶೇಷ ಮರ್ಯಾದೆ ಸಿಗಲಿಲ್ಲ ಅಂತ. ಅವರಿಗೆ ಒಂದು ವೃತ್ತ ಬರೆದು ಕೊಡು. ಅಂಚಿನ ಮೇಲೆ ಚುಕ್ಕಿ ಇಡಲಿ, ಚುಕ್ಕಿಗಳನ್ನೆಲ್ಲ ಒಂದಕ್ಕೊಂದು ನೇರ ಗೆರೆಯಿಂದ ಸೇರಿಸಲಿ. ವೃತ್ತದ ಒಳಗೆ ಮೂರು ಗೆರೆಗಳು ಒಂದೇ ಕಡೆ ಸೇರಬಾರದು, ಅಷ್ಟೇ. ಒಳಗೆ ಎಷ್ಟು ಭಾಗ ಆದವು ಅಂತ ಎಣಿಸಲಿ. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಭಾವ ಮೀಸೆ ತಿರುವುತ್ತಾರೆ. ಆರನೇ ಚುಕ್ಕಿ ಇಟ್ಟ ಮೇಲೆ 32 ಹುಡುಕುತ್ತಾ ಕೂರುತ್ತಾರೆ, ಸಿಗೋದು 31. ಎಷ್ಟು ಸಲ ಎಣಿಸಿದರೂ 31. ಆಮೇಲೆ 57, 99, 163. ಹತ್ತನೇ ಚುಕ್ಕಿಗೆ ಮಾತ್ರ ತಮಾಷೆ ನೋಡು, 256. ದಾರಿ ತಪ್ಪಿ ಹೋದ ಸರಣಿ ಮತ್ತೆ ಎರಡರಷ್ಟು ಮಾಡೋ ಸಾಲಿನ ಮನೆಗೆ ಬಂದು ಹೋಗುತ್ತೆ.

256 ಅಂದ ಕೂಡಲೇ ನನಗೆ ನಮ್ಮ ಸೀಮೆಯ ಬಂಡೆಗಳು ನೆನಪಾಗುತ್ತವೆ. ನಮ್ಮ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಕಿರು ಶಾಸನ ಇದೆಯಲ್ಲ, ಅದರದ್ದೇ ಒಂದು ಪ್ರತಿ ಬ್ರಹ್ಮಗಿರಿಯಲ್ಲಿದೆ. ನಿಮ್ಮ ಬಳ್ಳಾರಿಗೆ ಹತ್ತಿರವೇ, ಮೊಳಕಾಲ್ಮೂರು ತಾಲ್ಲೂಕು. ಶಾಸನ ತಜ್ಞ ಬಿ. ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆ ಮಾಡಿದರು. ಅಲ್ಲಿ ಒಂದು ಸಂಖ್ಯೆ ಕೆತ್ತಿದ್ದಾರೆ, 256. ಆಗಿನ್ನೂ ನಮ್ಮ ಈಗಿನ ಸ್ಥಾನಬೆಲೆ ಬಂದಿರಲಿಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಆದರೆ 256 ಏನು? ಅದನ್ನು ಕೆತ್ತಿದವನು ಹೇಳಲಿಲ್ಲ.

ವಿದ್ವಾಂಸರು ನಿಮ್ಮಿಬ್ಬರಿಗಿಂತ ಜೋರಾಗಿ ಜಗಳ ಆಡಿದರು. ಬುದ್ಧ ತೀರಿಹೋಗಿ 256 ವರ್ಷ ಆಯ್ತು ಅಂತ ಅರ್ಥ ಅಂದರು ಜಾರ್ಜ್ ಬ್ಯೂಲರ್. ಅಲ್ಲ, ಧರ್ಮ ಹೇಳಲು ಹೊರಟ ದೂತರು 256 ಮಂದಿ ಅಂದರು ಎಮಿಲ್ ಸೆನಾರ್. ಎರಡೂ ಕೇಳಲು ಸರಿಯಾಗೇ ಇವೆ. ಕೊನೆಗೆ ಬಿಹಾರದ ಸಹಸ್ರಾಮ್‌ನ ಬಂಡೆ ಕೈಹಿಡಿಯಿತು. ಅಲ್ಲಿ ಅದೇ ಸಂಖ್ಯೆಯನ್ನು ಅಕ್ಷರದಲ್ಲೂ ಕೆತ್ತಿದ್ದಾರೆ, ಜೊತೆಗೆ ರಾತ್ರಿ ಅನ್ನೋ ಪದವೂ ಇದೆ ಅಂತ ಎಫ್. ಡಬ್ಲ್ಯು. ಥಾಮಸ್ ತೋರಿಸಿದರು. ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅನ್ನೋ ಅರ್ಥಕ್ಕೆ ಆಮೇಲೆ ಬಲ ಬಂತು. ನಾನೂ ಆ ಕಡೆಗೇ. ಉಳಿದ ಎರಡು ಅರ್ಥಗಳಿಗೆ ನಾವು ಹೊರಗಿನಿಂದ ಏನೇನೋ ಸೇರಿಸಬೇಕು, ಇದಕ್ಕೆ ಬೇಕಾದದ್ದು ಬಂಡೆಯ ಮೇಲೇ ಇದೆ. ನಮ್ಮ 271ರ ಕಥೆಯೇ ಅಲ್ವಾ ಇದು?

ಬೇಜಾರಾಗೋದು ಒಂದಕ್ಕೇ. ಕೆಲಸಕ್ಕೆ ಅಂತ ಪರೀಕ್ಷೆ ಬರೆಯುವ ಹುಡುಗರಿಗೆ ಮೂರೇ ಅಂಕಿ ಕೊಟ್ಟು "ಮುಂದಿನದನ್ನು ಗುರುತಿಸಿ" ಅನ್ನುತ್ತಾರೆ. ಆಯ್ಕೆಗಳಲ್ಲಿ 6, 7, 8 ಮೂರೂ ಇರುತ್ತವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದ್ದೇ ಪ್ರಶ್ನೆಯನ್ನು ತಂದು "ಸರ್, ನಂದ್ಯಾಕ ತಪ್ಪು?" ಅಂತ ಕೇಳಿದ. ಅವನ ಕಾರಣ ನನಗೆ ಸರಿ ಕಂಡಿತು. ಯಂತ್ರ ಕಾರಣ ಕೇಳಲ್ಲವಲ್ಲ, ಬರೀ ಗುಂಡಗಿನ ಕಪ್ಪು ಚುಕ್ಕಿ ನೋಡುತ್ತೆ. ಮದುವೆ ಮನೆಯಲ್ಲಿ ಒಗಟಿಗೆ ನಾಲ್ಕು ಉತ್ತರ ಇದ್ದರೆ ಮಜಾ. ಅನ್ನದ ಪ್ರಶ್ನೆ ಬಂದಾಗ ಕನಿಷ್ಠ ಇನ್ನೆರಡು ಅಂಕಿಯಾದರೂ ಕೊಡಬೇಕಪ್ಪ.

ಭಾವನನ್ನು ಇನ್ನೂ ಸ್ವಲ್ಪ ಆಟ ಆಡಿಸಬೇಕಾ? 1960ರಲ್ಲಿ ಪೀಟರ್ ವೇಸನ್ ಅನ್ನೋ ಮನಶ್ಶಾಸ್ತ್ರಜ್ಞ ಲಂಡನ್ನಿನಲ್ಲಿ ಆಡಿಸಿದ ಆಟ ಇದೆ. 2, 4, 6 ಒಂದು ನಿಯಮಕ್ಕೆ ಹೊಂದುತ್ತೆ ಅಂತ ಹೇಳು. ಭಾವ ಬೇರೆ ಮೂರು ಮೂರು ಅಂಕಿ ಹೇಳುತ್ತಾ ಹೋಗಲಿ, ನೀನು ಹೌದು, ಇಲ್ಲ ಅಂತಷ್ಟೇ ಹೇಳು. ಅವರು 8, 10, 12 ಅನ್ನುತ್ತಾರೆ. ಹೌದು. 20, 22, 24? ಹೌದು. "ಎರಡೆರಡು ಹೆಚ್ಚಾಗಬೇಕು, ಅದೇ ನಿಯಮ!" ಅನ್ನುತ್ತಾರೆ. ಅಲ್ಲ. ನಿಯಮ ಇಷ್ಟೇ, ಹಿಂದಿನದಕ್ಕಿಂತ ಮುಂದಿನದು ದೊಡ್ಡದಿರಬೇಕು. 1, 2, 50 ಅಂದರೂ ಹೌದೇ. ವೇಸನ್ ಹತ್ತಿರ ಬಂದವರಲ್ಲಿ ಬಹಳ ಮಂದಿ ಮೊದಲ ಸಲ ಹೀಗೇ ತಪ್ಪಿದರು. ತಮ್ಮ ಊಹೆಗೆ ಹೊಂದುವ ಅಂಕಿಗಳನ್ನೇ ಕೇಳಿದರು, ಊಹೆಯನ್ನು ಮುರಿಯುವಂಥದ್ದನ್ನು ಕೇಳಲಿಲ್ಲ. 6, 4, 2 ಅಂತ ಕೇಳುವವನು ಬುದ್ಧಿವಂತ. ನಿನ್ನ ಭಾವ ಕೇಳಲ್ಲ, ಬೇಕಾದ್ರೆ ಪಣ ಕಟ್ಟುತ್ತೇನೆ.

ನೀವಿಬ್ಬರೂ ಕಟ್ಟಿದ ಪಣದ ವಿಷಯ. ಇಬ್ಬರೂ ಗೆದ್ದಿದ್ದೀರಿ, ಅಂದರೆ ಇಬ್ಬರೂ ಕೊಡಬೇಕು. ಮುಂದಿನ ಸಲ ಬಂದಾಗ ಮಂಡಕ್ಕಿ ಒಬ್ಬರದು, ಮಿರ್ಚಿ ಇನ್ನೊಬ್ಬರದು. ತೀರ್ಪುಗಾರನ ಚಹಾ ಬೇರೆ ಲೆಕ್ಕ.

ಅಲ್ಲಿಯವರೆಗೆ ಇದನ್ನು ಬಿಡಿಸಿಡಿ: 2, 3, 2, 2, 2, 2, 2, 2, 3, 2, ಮುಂದೇನು? ಭಾವನ ಮಕ್ಕಳು ಇಂಗ್ಲಿಷ್ ಮೀಡಿಯಂ ಅಲ್ವಾ, ಅವರಿಗೆ ಕಷ್ಟ ಆಗಬಹುದು. ನಿಮ್ಮ ಅವ್ವನ ಹತ್ತಿರ ಕೂತು ಒಂದರಿಂದ ಎಣಿಸಿ, ಬಾಯಿಬಿಟ್ಟು. ಸಿಕ್ಕಿದ ಉತ್ತರವನ್ನು ಕಾರಣದ ಜೊತೆಗೇ ಬರೆದು ಕಳಿಸು, ಬರೀ ಅಂಕಿ ಕಳಿಸಿದರೆ ನಾನು ತಗೊಳ್ಳಲ್ಲ.

ಇಂತಿ ನಿನ್ನ,
ಕೊಪ್ಪಳದ ಮೇಷ್ಟ್ರು